ಹನ್ನೆರಡು ವೋಲ್ಟಿನ ಪಾಠ

‘‘ಅಪ್ಪಾ, ಇದಕ್ಕೆ ಎಷ್ಟು ಆಂಪಿಯರ್ ಫ್ಯೂಸ್ ಹಾಕಬೇಕು?’’

ಬೇಸಿಗೆ ರಜೆಯ ಒಂದು ಬೆಳಿಗ್ಗೆ ಮಗ ಈ ಪ್ರಶ್ನೆ ಕೇಳಿದಾಗ ನಾನು ಜಗಲಿಯಲ್ಲಿ ಪತ್ರಿಕೆ ಓದುತ್ತ ಕುಳಿತಿದ್ದೆ. ಪ್ರೌಢಶಾಲೆಯಲ್ಲಿ ಇಪ್ಪತ್ತೇಳು ವರ್ಷಗಳಿಂದ ವಿಜ್ಞಾನ ಕಲಿಸುತ್ತಿರುವವನು ನಾನು. ಫ್ಯೂಸ್ ಎಂದರೇನು, ಅದರ ತಂತಿಯ ಕರಗುವ ಬಿಂದು ಏಕೆ ಕಡಿಮೆ ಇರಬೇಕು, ಅದನ್ನು ಏಕೆ ಸರಣಿಯಲ್ಲಿ ಜೋಡಿಸಬೇಕು ಎಂಬುದನ್ನೆಲ್ಲ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಆದರೆ ‘ಎಷ್ಟು ಆಂಪಿಯರ್?’ ಎಂಬುದಕ್ಕೆ ಉತ್ತರ ಹೊಳೆಯಲಿಲ್ಲ. ‘‘ಅಂಗಡಿಯವರು ಕೊಟ್ಟಿದ್ದು ಹಾಕೋ’’ ಎಂದು ಪುಟ ಮಗುಚಿದೆ. ಅಂಗಡಿಯವರು ಫ್ಯೂಸನ್ನೇ ಕೊಟ್ಟಿರಲಿಲ್ಲ. ಮಗನೂ ಹಾಕಲಿಲ್ಲ.

ಮಗ ಪಾಲಿಟೆಕ್ನಿಕ್ ವಿದ್ಯಾರ್ಥಿ. ಅಂಕಪಟ್ಟಿ ಹೇಳಿಕೊಳ್ಳುವಂಥದ್ದಲ್ಲ. ನಮ್ಮ ಮನೆಯ ಹಳೆಯ ಚಿಕ್ಕ ಕಾರಿನಲ್ಲಿದ್ದ ಸ್ಟೀರಿಯೊ ಮೂಕವಾಗಿ ವರ್ಷಗಳೇ ಆಗಿದ್ದವು. ಅದನ್ನು ಕಿತ್ತು, ಆ ಜಾಗದಲ್ಲಿ ಬೆರಳಿನಿಂದ ಮುಟ್ಟಿ ನಡೆಸುವ ಪರದೆ ಕೂರಿಸಿ, ಆಂಪ್ಲಿಫೈಯರ್, ಸ್ಪೀಕರ್‌ಗಳನ್ನು ತಾನೇ ಜೋಡಿಸುತ್ತೇನೆಂದು ಹಟ ಹಿಡಿದಿದ್ದ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಚೀಲ ತುಂಬ ಸಾಮಾನು ತಂದಿದ್ದ. ‘‘ಈ ಶ್ರದ್ಧೆ ಪುಸ್ತಕದ ಮೇಲೆ ಇದ್ದಿದ್ದರೆ...’’ ಎಂಬ ಮಾತು ನನ್ನ ಬಾಯಿಂದ ಎಷ್ಟು ಸಲ ಬಂತೋ ಲೆಕ್ಕವಿಲ್ಲ.

ಮಾರನೆಯ ದಿನ ಸಂಜೆ ಕಾರಿನ ಬಾನೆಟ್ಟಿನಿಂದ ಹೊಗೆ ಬಂತು.

ಆದದ್ದೇನು?

ಆಂಪ್ಲಿಫೈಯರ್ ಇದ್ದದ್ದು ಡಿಕ್ಕಿಯಲ್ಲಿ. ಅದಕ್ಕೆ ವಿದ್ಯುತ್ ಒಯ್ಯಲು ಮಗ ಮನೆಯ ವೈರಿಂಗ್‌ನಲ್ಲಿ ಉಳಿದಿದ್ದ 1.5 ಚದರ ಮಿಲಿಮೀಟರ್ ತಂತಿಯನ್ನು ಬ್ಯಾಟರಿಯ ಧನ ತುದಿಯಿಂದ ನೇರವಾಗಿ ಎಳೆದಿದ್ದ. ಎಂಜಿನ್ನಿಗೂ ಒಳಭಾಗಕ್ಕೂ ನಡುವೆ ಇರುವ ತಗಡಿನ ಗೋಡೆಯ ತೂತಿನಲ್ಲಿ ತಂತಿ ಹಾದುಹೋಗಿತ್ತು. ತೂತಿಗೆ ರಬ್ಬರಿನ ಬಳೆ ಇರಲಿಲ್ಲ. ಎರಡು ಸುತ್ತು ಊರೊಳಗೆ ಓಡಾಡಿ ಬರುವಷ್ಟರಲ್ಲಿ ತಗಡಿನ ಅಂಚು ತಂತಿಯ ಮೇಲಿನ ಪ್ಲಾಸ್ಟಿಕ್ಕನ್ನು ಕೊಯ್ದು ತಾಮ್ರವನ್ನು ಮುಟ್ಟಿತು.

ಕಾರಿನ ಇಡೀ ತಗಡಿನ ಮೈ ಬ್ಯಾಟರಿಯ ಋಣ ತುದಿಗೆ ಜೋಡಿಸಿರುತ್ತದೆ ಎಂಬುದನ್ನು ಇಲ್ಲಿ ನೆನಪಿಡಬೇಕು. ಎಂದರೆ ಧನ ತಂತಿ ತಗಡನ್ನು ಮುಟ್ಟಿದರೆ ಅದು ಶಾರ್ಟ್ ಸರ್ಕ್ಯೂಟ್. ಮಗನ ಪುಣ್ಯಕ್ಕೆ ಬ್ಯಾಟರಿಯ ಕ್ಲಾಂಪ್ ಬಿಗಿಯಾಗಿರಲಿಲ್ಲ. ಗೋಣಿಚೀಲ ಸುತ್ತಿಕೊಂಡ ಕೈಯಿಂದ ಎಳೆದು ಬಿಡಿಸಿದ. ಒಂದು ಮೊಳ ತಂತಿ ಕರಕಲಾಗಿತ್ತು. ಯಾರಿಗೂ ಏನೂ ಆಗಲಿಲ್ಲ.

‘‘ಹನ್ನೆರಡೇ ವೋಲ್ಟ್ ಅಲ್ವೇನಪ್ಪಾ, ಅದರಿಂದ ಏನಾಗುತ್ತೆ ಅಂದ್ಕೊಂಡೆ’’ ಎಂದ. ನಮ್ಮಲ್ಲಿ ಬಹಳ ಜನ ಹೀಗೆಯೇ ತಿಳಿದಿದ್ದಾರೆ. ಹನ್ನೆರಡು ವೋಲ್ಟ್ ಒಣಗಿದ ಕೈಗೆ ಶಾಕ್ ಹೊಡೆಯುವುದಿಲ್ಲ ಎಂಬುದು ನಿಜ. ಆದರೆ ಬೆಂಕಿ ಹಚ್ಚಲು ವೋಲ್ಟ್ ಹೆಚ್ಚಿರಬೇಕಾಗಿಲ್ಲ, ಆಂಪಿಯರ್ ಹೆಚ್ಚಿದ್ದರೆ ಸಾಕು.

ಲೆಕ್ಕ ಮಾಡಿ ನೋಡೋಣ

ಹತ್ತನೆಯ ತರಗತಿಯ ಮಕ್ಕಳು ಈಗ ಪೆನ್ಸಿಲ್ ಹಿಡಿಯಬಹುದು. ತಂತಿಯ ರೋಧವು ಅದರ ಉದ್ದಕ್ಕೆ ನೇರ ಅನುಪಾತದಲ್ಲಿಯೂ ಅಡ್ಡಕೊಯ್ತದ ವಿಸ್ತೀರ್ಣಕ್ಕೆ ವಿಲೋಮ ಅನುಪಾತದಲ್ಲಿಯೂ ಇರುತ್ತದೆ. ತಾಮ್ರದ ಲೆಕ್ಕ ಹಾಕಿದರೆ 1.5 ಚದರ ಮಿ.ಮೀ. ತಂತಿಯ ಒಂದು ಮೀಟರಿಗೆ ಸುಮಾರು 0.011 ಓಮ್ ರೋಧ ಬರುತ್ತದೆ. ಒಳ್ಳೆಯ ಸ್ಥಿತಿಯಲ್ಲಿರುವ ಕಾರಿನ ಬ್ಯಾಟರಿ ಎಂಜಿನ್ ತಿರುಗಿಸಲೆಂದೇ ನೂರಾರು ಆಂಪಿಯರ್ ಕೊಡುವಂತೆ ತಯಾರಾಗಿರುತ್ತದೆ. ಆ ಒಂದು ಮೀಟರ್ ತಂತಿಯಲ್ಲಿ 300 ಆಂಪಿಯರ್ ಹರಿಯಿತೆಂದುಕೊಳ್ಳಿ. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ ಸುಮಾರು ಸಾವಿರ ವಾಟ್! ಒಂದು ಇಸ್ತ್ರಿ ಪೆಟ್ಟಿಗೆಯ ಶಾಖವೆಲ್ಲ ಕಡ್ಡಿಯಷ್ಟು ತೆಳುವಾದ ತಂತಿಯಲ್ಲಿ! ಪ್ಲಾಸ್ಟಿಕ್ ಕರಗದೆ ಇನ್ನೇನಾದೀತು?

ಶಾರ್ಟ್ ಆಗದಿದ್ದರೂ ಆ ತಂತಿ ಸಾಲುತ್ತಿರಲಿಲ್ಲ. ಡಿಕ್ಕಿಯವರೆಗೆ ಐದು ಮೀಟರ್ ದೂರ, ರೋಧ 0.057 ಓಮ್. ಆಂಪ್ಲಿಫೈಯರ್ 20 ಆಂಪಿಯರ್ ಎಳೆದಾಗ ದಾರಿಯಲ್ಲೇ 1.1 ವೋಲ್ಟ್ ಸೋರಿಹೋಗುತ್ತದೆ. ಅದೇ 8 ಚದರ ಮಿ.ಮೀ. ತಂತಿಯಾದರೆ ನಷ್ಟ ಬರೀ 0.2 ವೋಲ್ಟ್.

ಈಗ ಮಗನ ಪ್ರಶ್ನೆಗೆ ಬರೋಣ. ಆ ರಾತ್ರಿ ನಾವಿಬ್ಬರೂ ಕುಳಿತು ಕಂಡುಕೊಂಡದ್ದು ಇಷ್ಟು: ಬ್ಯಾಟರಿಯ ಪಕ್ಕದ ಫ್ಯೂಸ್ ಇರುವುದು ಆಂಪ್ಲಿಫೈಯರನ್ನು ಕಾಯಲಿಕ್ಕಲ್ಲ, ತಂತಿಯನ್ನು ಕಾಯಲಿಕ್ಕೆ. ಆದ್ದರಿಂದ ಅದರ ಅಳತೆಯನ್ನು ನಿರ್ಧರಿಸಬೇಕಾದದ್ದು ತಂತಿಯ ದಪ್ಪ. ಅದು ಬ್ಯಾಟರಿಯಿಂದ ಒಂದು ಗೇಣಿನೊಳಗೇ ಇರಬೇಕು. ಏಕೆಂದರೆ ಬ್ಯಾಟರಿಗೂ ಫ್ಯೂಸಿಗೂ ನಡುವಿನ ತಂತಿಗೆ ಕಾವಲು ಯಾರೂ ಇಲ್ಲ. ನಾವು 8 ಚದರ ಮಿ.ಮೀ. ತಂತಿಗೆ 30 ಆಂಪಿಯರ್ ಫ್ಯೂಸ್ ಹಾಕಿದೆವು. ಆಂಪ್ಲಿಫೈಯರಿಗೆ ಬೇಕಾದ್ದಕ್ಕಿಂತ ತುಸು ಹೆಚ್ಚು, ತಂತಿ ತಾಳಬಲ್ಲದ್ದಕ್ಕಿಂತ ಕಡಿಮೆ. ತೂತಿಗೆ ರಬ್ಬರ್ ಬಳೆ ಕೂರಿಸಿದೆವು.

ಇಪ್ಪತ್ತೇಳು ವರ್ಷಗಳಲ್ಲಿ ಈ ಮಾತನ್ನು ನಾನು ತರಗತಿಯಲ್ಲಿ ಒಮ್ಮೆಯೂ ಹೇಳಿರಲಿಲ್ಲ. ‘ಫ್ಯೂಸ್ ಉಪಕರಣಗಳನ್ನು ರಕ್ಷಿಸುತ್ತದೆ’ ಎಂದು ಬರೆದವರಿಗೆಲ್ಲ ಪೂರ್ತಿ ಅಂಕ ಕೊಟ್ಟಿದ್ದೆ.

‘50 ವಾಟ್ × 4’ ಎಂಬ ಮಾಯೆ

ಅಂದಿನಿಂದ ನಾನೂ ಪತ್ರಿಕೆ ಬದಿಗಿಟ್ಟು ಕಾರಿನ ಬಳಿ ಸ್ಟೂಲು ಹಾಕಿ ಕುಳಿತೆ. ಕಾರ್ ಸ್ಟೀರಿಯೊಗಳ ಪೆಟ್ಟಿಗೆಯ ಮೇಲೆ ‘50 ವಾಟ್ × 4’ ಎಂದು ದೊಡ್ಡದಾಗಿ ಬರೆದಿರುವುದನ್ನು ನೀವೂ ನೋಡಿರಬಹುದು. ಒಟ್ಟು 200 ವಾಟ್ ಆಯಿತು. ಅದೇ ಸ್ಟೀರಿಯೊದ ಬೆನ್ನಿಗೆ ಎಷ್ಟೋ ಸಲ 10 ಆಂಪಿಯರ್ ಫ್ಯೂಸ್ ಇರುತ್ತದೆ. ಎಂಜಿನ್ ಓಡುವಾಗ ವಿದ್ಯುತ್ ಸುಮಾರು 14.4 ವೋಲ್ಟ್. ಗುಣಿಸಿದರೆ ಒಳಗೆ ಹೋಗುವುದೇ 144 ವಾಟ್! ಹೋದದ್ದಕ್ಕಿಂತ ಹೆಚ್ಚು ಹೊರಗೆ ಬರುವುದು ಹೇಗೆ? ಶಕ್ತಿ ಸಂರಕ್ಷಣಾ ನಿಯಮವನ್ನು ಯಾವ ಕಂಪನಿಯೂ ಮುರಿಯಲಾರದು. ಆ 50 ವಾಟ್ ಕ್ಷಣಮಾತ್ರದ ಗರಿಷ್ಠ ಸಂಖ್ಯೆ. ಇಂಥ ಸ್ಟೀರಿಯೊ ಒಂದೊಂದು ಸ್ಪೀಕರಿಗೆ ಎಡೆಬಿಡದೆ ಕೊಡಬಲ್ಲದ್ದು ಸಾಮಾನ್ಯವಾಗಿ 15ರಿಂದ 20 ವಾಟ್. ಜೋರು ಶಬ್ದ ಬೇಕೆಂದವರು ಬೇರೆ ಆಂಪ್ಲಿಫೈಯರ್ ಹಾಕುವುದು ಇದಕ್ಕೇ.

ಇನ್ನೊಂದು ಪಾಠ ಸ್ಪೀಕರಿನದು. ಬಿಡಿ ಸ್ಪೀಕರನ್ನು ಮೇಜಿನ ಮೇಲಿಟ್ಟು ಹಾಡು ಹಾಕಿದರೆ ಮೃದಂಗದ ಗುಡುಗು ಕೇಳಿಸದು, ಬರೀ ಕೀರಲು. ಸ್ಪೀಕರಿನ ಕಾಗದ ಮುಂದಕ್ಕೆ ಗಾಳಿ ತಳ್ಳುವಾಗ ಹಿಂದೆ ಗಾಳಿ ತೆಳುವಾಗುತ್ತದೆ. ಮುಂದಿನ ಒತ್ತಡ ಅಂಚು ಬಳಸಿ ಹಿಂದಕ್ಕೆ ಹೋಗಿ ಎರಡೂ ಒಂದನ್ನೊಂದು ಅಳಿಸುತ್ತವೆ. ಒಂದು ರಟ್ಟಿಗೆ ಸ್ಪೀಕರಿನಷ್ಟೇ ತೂತು ಕೊರೆದು ಅದರಲ್ಲಿ ಕೂರಿಸಿ ನೋಡಿ. ಅದೇ ಸ್ಪೀಕರ್, ಅದೇ ಹಾಡು, ಆದರೆ ಗುಡುಗು ಬಂದಿರುತ್ತದೆ! ದೊಡ್ಡ ಸ್ಪೀಕರಿಗೆ ಪ್ಲೈವುಡ್ ಪೆಟ್ಟಿಗೆ ಕಟ್ಟುವುದು, ಬಾಗಿಲಿನ ಸಂದುಗಳನ್ನು ಮುಚ್ಚುವುದು ಈ ಕಾರಣಕ್ಕೆ. ಐದು ನಿಮಿಷದ ಈ ಪ್ರಯೋಗ ಯಾವ ಶಾಲೆಯಲ್ಲಾದರೂ ಮಾಡಬಹುದು.

ಹಳದಿ, ಕೆಂಪು, ಕಪ್ಪು

ಕಾರಿನಲ್ಲಿ ಮೊದಲು ರೇಡಿಯೊ ಹಾಡಿದ ಕಾಲದಿಂದ ಬಹಳ ದೂರ ಬಂದಿದ್ದೇವೆ. ಅಮೆರಿಕದ ಗ್ಯಾಲ್ವಿನ್ ಸಹೋದರರ ಕಂಪನಿ 1930ರಲ್ಲಿ ‘ಮೊಟೊರೊಲಾ’ ಹೆಸರಿನಲ್ಲಿ ಕಾರ್ ರೇಡಿಯೊ ಮಾರಾಟಕ್ಕೆ ತಂದಿತು. ಕಾರಿನೊಳಗಿನ ಮುಟ್ಟುಪರದೆ 1986ರಲ್ಲೇ ಅಮೆರಿಕದ ಬ್ಯೂಕ್ ರಿವಿಯೆರಾ ಕಾರಿನಲ್ಲಿ ಬಂದಿತ್ತು. ಇಂದು ಅಂಗೈಯಗಲದ ‘ರಾಸ್ಪ್‌ಬೆರಿ ಪೈ’ ಎಂಬ ಪುಟ್ಟ ಕಂಪ್ಯೂಟರಿಗೆ ಏಳು ಅಂಗುಲದ ಪರದೆ ಜೋಡಿಸಿ ವಿದ್ಯಾರ್ಥಿಯೊಬ್ಬ ಮನೆಯಲ್ಲೇ ಅಂಥದ್ದನ್ನು ಮಾಡಿಕೊಳ್ಳಬಹುದು. ನನ್ನ ಮಗ ಮಾಡಿದ್ದೂ ಅದನ್ನೇ. ಡ್ಯಾಶ್‌ಬೋರ್ಡಿನ ದೊಡ್ಡ ಗೂಡಿನ ಅಳತೆ 180 × 100 ಮಿ.ಮೀ. ಪರದೆಯ ಚೌಕಟ್ಟು ಅದಕ್ಕಿಂತ ತುಸು ದೊಡ್ಡದು. ರಟ್ಟಿನಲ್ಲಿ ನಾಲ್ಕು ಸಲ ಮಾದರಿ ಕತ್ತರಿಸಿ ನೋಡಿ, ಐದನೆಯ ಸಲ ಪ್ಲಾಸ್ಟಿಕ್ ಹಾಳೆಗೆ ಗರಗಸ ಹಚ್ಚಿದ.

ಈ ಪುಟ್ಟ ಕಂಪ್ಯೂಟರಿಗೆ ಬೇಕಾದದ್ದು 5 ವೋಲ್ಟ್, 3 ಆಂಪಿಯರ್ ವರೆಗೆ. ಬ್ಯಾಟರಿಯ 12 ವೋಲ್ಟನ್ನು ಇಳಿಸುವುದು ಹೇಗೆ? ನಮ್ಮ ಕಾಲದ ಮೂರು ಕಾಲಿನ ರೆಗ್ಯುಲೇಟರ್ ಉಳಿದ 7 ವೋಲ್ಟನ್ನು ಶಾಖವಾಗಿ ಸುಡುತ್ತದೆ: 7 × 3, ಎಂದರೆ 21 ವಾಟ್ ವ್ಯರ್ಥ. ಉಪಯೋಗಕ್ಕೆ ಬರುವುದು 15 ವಾಟ್ ಮಾತ್ರ! ಪ್ರವಾಹವನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಜೋಡಿಸಿ ವೋಲ್ಟ್ ಇಳಿಸುವ ‘ಬಕ್ ಕನ್ವರ್ಟರ್’ ಎಂಬ ಸಣ್ಣ ಬೋರ್ಡ್ ಇಷ್ಟು ಪೋಲು ಮಾಡುವುದಿಲ್ಲ.

ತಂತಿಗಳ ಬಣ್ಣವನ್ನೂ ತಿಳಿದಿರಬೇಕು. ಅಂಗಡಿಯಲ್ಲಿ ಕೊಳ್ಳುವ ಸ್ಟೀರಿಯೊಗಳಲ್ಲಿ ಹಳದಿ ತಂತಿ ಬ್ಯಾಟರಿಯಿಂದ ಸದಾ ವಿದ್ಯುತ್ ತರುತ್ತದೆ, ಕೆಂಪು ತಂತಿ ಬೀಗದ ಕೈ ತಿರುಗಿಸಿದಾಗ ಮಾತ್ರ, ಕಪ್ಪು ಅರ್ತ್. ಕಂಪ್ಯೂಟರನ್ನು ಕೆಂಪಿನ ಬದಲು ಹಳದಿಗೇ ಕಟ್ಟಿಬಿಟ್ಟರೆ? ಅದು ಅರ್ಧ ಆಂಪಿಯರ್ ಎಳೆದರೂ ದಿನಕ್ಕೆ 12 ಆಂಪಿಯರ್-ಗಂಟೆ. ಚಿಕ್ಕ ಕಾರಿನ 35 ಆಂಪಿಯರ್-ಗಂಟೆಯ ಬ್ಯಾಟರಿ ಮೂರನೆಯ ದಿನ ಕೈ ಎತ್ತುತ್ತದೆ. ಕೆಂಪಿಗೆ ಮಾತ್ರ ಕಟ್ಟಿದರೂ ತೊಂದರೆಯೇ. ಕಾರು ಆರಿಸಿದೊಡನೆ ಕಂಪ್ಯೂಟರ್ ಹಠಾತ್ತನೆ ನಿಂತು ಅದರ ಮೆಮರಿ ಕಾರ್ಡ್ ಕೆಡಬಹುದು. ಕೆಂಪು ಆರಿದ್ದನ್ನು ಕಂಡು ಕಂಪ್ಯೂಟರಿಗೆ ‘ಮಲಗು’ ಎಂದು ಹೇಳಿ, ಅದು ಮಲಗಿದ ಮೇಲೆ ಹಳದಿಯನ್ನು ಕಡಿಯುವ ಚಿಕ್ಕ ಬೋರ್ಡನ್ನು ಮಗ ನಡುವೆ ಹಾಕಿದ್ದಾನೆ.

ಒಂದು ಎಚ್ಚರಿಕೆ. ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಅದರ ತಂತಿ, ಕಪ್ಲರ್‌ಗಳೂ ಸಾಮಾನ್ಯವಾಗಿ ಹಳದಿ ಬಣ್ಣದವೇ. ಅವನ್ನು ಮುಟ್ಟಲೇಬಾರದು, ಟೆಸ್ಟರ್ ಚುಚ್ಚಲೂಬಾರದು. ಅಂಥ ಕಾರಿನ ಡ್ಯಾಶ್‌ಬೋರ್ಡ್ ಬಿಚ್ಚುವ ಕೆಲಸ ತಿಳಿದ ಮೆಕ್ಯಾನಿಕ್‌ಗೇ ಇರಲಿ. ವಾರಂಟಿ ಇರುವ ಹೊಸ ಕಾರಿನ ತಂತಿಯನ್ನು ಕತ್ತರಿಸಬೇಡಿ, ಅದೇ ಮಾದರಿಗೆ ಹೊಂದುವ ಕಪ್ಲರ್ ಸಿಗುತ್ತದೆ.

ಕೆಲಸ ಶುರು ಮಾಡುವ ಮುನ್ನ ಬ್ಯಾಟರಿಯ ಋಣ ತುದಿಯನ್ನೇ ಮೊದಲು ಬಿಚ್ಚಬೇಕು. ಏಕೆ? ಧನ ತುದಿ ಬಿಚ್ಚುವಾಗ ಸ್ಪ್ಯಾನರ್ ಕೈ ಜಾರಿ ತಗಡಿಗೆ ತಗುಲಿದರೆ ಶಾರ್ಟ್. ಋಣ ತುದಿ ಬಿಚ್ಚುವಾಗ ತಗುಲಿದರೆ ಏನೂ ಆಗದು, ಎರಡೂ ಒಂದೇ. ಜೋಡಿಸುವಾಗ ಋಣ ತುದಿ ಕೊನೆಗೆ.

ಪೋಷಕರಿಗೆ ಎರಡು ಮಾತು

ಪರದೆ ಬಂದೊಡನೆ ‘ಸಿನಿಮಾನೂ ನೋಡಬಹುದು’ ಎನ್ನುತ್ತಾರೆ ಮಕ್ಕಳು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕಾರು ಎರಡು ಸೆಕೆಂಡಿಗೆ 33 ಮೀಟರ್ ಹೋಗುತ್ತದೆ. ಪರದೆಯ ಮೇಲೆ ಒಂದು ಹಾಡು ಹುಡುಕಲು ಎರಡು ಸೆಕೆಂಡ್ ಕಣ್ಣು ಹಾಯಿಸಿದರೆ ಅಷ್ಟು ದೂರ ಕುರುಡು ಓಡಾಟ. ಅಂಗಡಿಯ ಸೆಟ್‌ಗಳಲ್ಲಿ ಹ್ಯಾಂಡ್‌ಬ್ರೇಕ್ ಎಳೆದಾಗ ಮಾತ್ರ ಚಿತ್ರ ಬರಲೆಂದು ಒಂದು ತಂತಿ ಇರುತ್ತದೆ. ಅದನ್ನು ಸುಮ್ಮನೆ ಅರ್ತ್‌ಗೆ ಕಟ್ಟಿ ಮೋಸ ಮಾಡುವವರಿದ್ದಾರೆ. ನಿಮ್ಮ ಕಾರಿನಲ್ಲಿ ಹಾಗಾಗಿದೆಯೇ ನೋಡಿಕೊಳ್ಳಿ. ಶಬ್ದದ ವಿಷಯದಲ್ಲೂ ಅಷ್ಟೆ. ದಿನಕ್ಕೆ 8 ಗಂಟೆಗೆ 85 ಡೆಸಿಬೆಲ್ ಎಂಬುದು ಕಿವಿಗೆ ತಜ್ಞರು ಹಾಕಿದ ಮಿತಿ. ಅದಕ್ಕಿಂತ ಮೂರು ಮೂರು ಡೆಸಿಬೆಲ್ ಏರಿದಂತೆ ಕಾಲ ಅರ್ಧರ್ಧ ಇಳಿಯಬೇಕು. ಮುಚ್ಚಿದ ಕಾರಿನಲ್ಲಿ ಈ ಮಿತಿ ದಾಟುವುದು ಬಲು ಸುಲಭ.

ಎರಡನೆಯ ಮಾತು ನನಗೆ ನಾನೇ ಹೇಳಿಕೊಂಡದ್ದು. ಅಂದು ಮಗ ನನ್ನ ಬಳಿ ಬಂದು ಕೇಳಿದ್ದು ಸರಿಯಾದ ಪ್ರಶ್ನೆ. ಕೇಳಬೇಕಾದ ಹೊತ್ತಿನಲ್ಲಿ, ಕೇಳಬೇಕಾದವನನ್ನೇ ಕೇಳಿದ್ದ. ‘ಗೊತ್ತಿಲ್ಲ, ಬಾ ನೋಡೋಣ’ ಎಂದಿದ್ದರೆ ಹೊಗೆ ಬರುತ್ತಿರಲಿಲ್ಲ. ಅಂಕ ಕಡಿಮೆ ತೆಗೆಯುವ ಹುಡುಗ ಎಂಬ ಒಂದೇ ಕಾರಣಕ್ಕೆ ಅವನ ಪ್ರಶ್ನೆ ನನ್ನ ಕಿವಿಗೆ ಸಣ್ಣದಾಗಿ ಕೇಳಿಸಿತ್ತು.

ಈಗ ಕಾರಿನಲ್ಲಿ ಹಾಡು ಬರುತ್ತಿದೆ. ಮೊದಮೊದಲು ಎಂಜಿನ್ ವೇಗ ಹೆಚ್ಚಿದಂತೆ ಏರುತ್ತಿದ್ದ ಸಣ್ಣ ಸಿಳ್ಳೊಂದು ಹಾಡಿನ ಜೊತೆ ಕೇಳುತ್ತಿತ್ತು. ಆಲ್ಟರ್ನೇಟರಿನದು ಎಂದು ಮಗನೇ ಪತ್ತೆ ಹಚ್ಚಿದ. ಬೇರೆ ಬೇರೆ ಕಡೆ ಕೊಟ್ಟಿದ್ದ ಅರ್ತ್‌ಗಳನ್ನು ಒಂದೇ ಜಾಗಕ್ಕೆ ತಂದು, ಹಾಡಿನ ತಂತಿಯನ್ನು ವಿದ್ಯುತ್ ತಂತಿಯಿಂದ ದೂರ ಸರಿಸಿದ ಮೇಲೆ ಅದು ಅಡಗಿತು. ಆ ಕರಕಲು ತಂತಿಯ ತುಂಡು ಶಾಲೆಯಲ್ಲಿ ನನ್ನ ಮೇಜಿನ ಸೆಳೆಖಾನೆಯಲ್ಲಿದೆ. ಈ ವರ್ಷ ಫ್ಯೂಸಿನ ಪಾಠ ಮಾಡುವಾಗ ಅದನ್ನು ಮಕ್ಕಳ ಕೈಗೆ ಕೊಟ್ಟು, ‘‘ಇದಕ್ಕೆ ಎಷ್ಟು ಆಂಪಿಯರ್ ಫ್ಯೂಸ್ ಹಾಕಬೇಕಿತ್ತು?’’ ಎಂದು ಕೇಳಿದೆ. ಕೊನೆಯ ಬೆಂಚಿನಿಂದ ಒಬ್ಬ ಎದ್ದು ನಿಂತು, ‘‘ತಂತಿ ಎಷ್ಟು ದಪ್ಪ ಇತ್ತು ಸಾರ್?’’ ಎಂದ.

ಪರೀಕ್ಷೆಯಲ್ಲಿ ಅವನು ತೆಗೆಯುವ ಅಂಕ ಎಷ್ಟಾದರೂ ಇರಲಿ, ಪಾಠ ಮುಟ್ಟಿತ್ತು.