ಹೇಳದಿದ್ದರೆ ಎಷ್ಟು ಸಕ್ಕರೆ?



ದಸರಾ ರಜೆಯಲ್ಲಿ ನಮ್ಮ ಅಜ್ಜಿ ಊರಿಂದ ಬಂದಿದ್ದರು. ಅಮ್ಮ ಹೊಲಕ್ಕೆ ಹೋಗಿದ್ದರು. ನಾನೇ ಚಹಾ ಮಾಡಿ, ಯಾವಾಗಲೂ ಹಾಕುವ ಹಾಗೆ ಎರಡು ಚಮಚ ಸಕ್ಕರೆ ಹಾಕಿ ಕೊಟ್ಟೆ. ಅಜ್ಜಿ ಸುಮ್ಮನೆ ಕುಡಿದರು. ಸಂಜೆ ಅಮ್ಮನಿಗೆ ಗೊತ್ತಾಗಿ ನನಗೆ ಚೆನ್ನಾಗಿ ಬೈದರು. ಯಾಕಂದ್ರೆ ಅಜ್ಜಿಗೆ ಸಕ್ಕರೆ ಕಾಯಿಲೆ! "ಅಜ್ಜಿ ಬೇಡ ಅನ್ನಲೇ ಇಲ್ವಲ್ಲ" ಅಂತ ನಾನು ಅಳುತ್ತಾ ಹೇಳಿದೆ.

ರಜೆಗೆ ಬಂದಿದ್ದ ನಮ್ಮ ಮಾವನ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನು "ಇದೇ ಪಾಠ ಲಿಸ್ಪ್‌ನಲ್ಲೂ ಇದೆ, ಬಾ" ಎಂದು ಲ್ಯಾಪ್‌ಟಾಪ್ ತೆರೆದ. ಅವನಿಂದ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಲಿಸ್ಪ್ ಎಂಬುದು ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆ. ಅಮೆರಿಕದ ಎಂ.ಐ.ಟಿ. ಎಂಬ ವಿದ್ಯಾಸಂಸ್ಥೆಯಲ್ಲಿ ಜಾನ್ ಮೆಕಾರ್ಥಿ ಎಂಬ ವಿಜ್ಞಾನಿ 1958ರಲ್ಲಿ ಇದನ್ನು ಶುರು ಮಾಡಿದರು. ಇದರಲ್ಲಿ ಹಲವು ಬಗೆಗಳಿವೆ. ನಾನು ಕಲಿತದ್ದು ಕಾಮನ್ ಲಿಸ್ಪ್.

ಲಿಸ್ಪ್‌ನಲ್ಲಿ ಒಂದು ಕೆಲಸಕ್ಕೆ ಹೆಸರಿಟ್ಟು ಬರೆದರೆ ಅದು ಫಂಕ್ಷನ್. ಅದಕ್ಕೆ ನಾವು ಕೊಡುವ ಬೆಲೆಗಳು ಆರ್ಗ್ಯುಮೆಂಟ್. ಕೆಲವನ್ನು ಕೊಡಲೇಬೇಕು. ಕೆಲವನ್ನು ಕೊಟ್ಟರೂ ಸರಿ, ಬಿಟ್ಟರೂ ಸರಿ. ಬಿಡಬಹುದಾದವುಗಳ ಮುಂದೆ ಆಪ್ಷನಲ್ ಎಂದು ಬರೆಯಬೇಕು. ಕಂಪ್ಯೂಟರಿನಲ್ಲಿ ಇದನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುತ್ತಾರೆ. ನಮಗೆಲ್ಲ ತಿಳಿಯಲಿ ಎಂದು ನಾನು ಕನ್ನಡದಲ್ಲಿ ಬರೆದಿದ್ದೇನೆ:

(ಡಿಫನ್ ಚಹಾ (ಲೋಟ &ಆಪ್ಷನಲ್ (ಸಕ್ಕರೆ 2))
  (ಲಿಸ್ಟ್ ಲೋಟ ಸಕ್ಕರೆ))

ಇಲ್ಲಿ ಲೋಟ ಎಷ್ಟು ಅಂತ ಹೇಳಲೇಬೇಕು. ಸಕ್ಕರೆ ಹೇಳದಿದ್ದರೆ ಕಂಪ್ಯೂಟರ್ ತಾನೇ 2 ಎಂದು ಹಿಡಿಯುತ್ತದೆ. ಇದಕ್ಕೆ ಡಿಫಾಲ್ಟ್ ಬೆಲೆ ಎನ್ನುತ್ತಾರೆ.

(ಚಹಾ 1) ಎಂದರೆ ಉತ್ತರ (1 2)
(ಚಹಾ 1 0) ಎಂದರೆ ಉತ್ತರ (1 0)

ಆ 2 ಅನ್ನು ನಾವು ಬರೆಯದೇ ಬಿಟ್ಟಿದ್ದರೆ, ಹೇಳದಿದ್ದಾಗ ಸಕ್ಕರೆಯ ಬೆಲೆ ನಿಲ್ ಆಗುತ್ತದೆ. ನಿಲ್ ಎಂದರೆ 'ಏನೂ ಇಲ್ಲ'. ಲಿಸ್ಪ್‌ನಲ್ಲಿ ನಿಲ್ ಬೇರೆ, ಸೊನ್ನೆ ಬೇರೆ.

ಡಿಫಾಲ್ಟ್ ಜಾಗದಲ್ಲಿ ಲೆಕ್ಕವನ್ನೂ ಬರೆಯಬಹುದು. (ಸಕ್ಕರೆ (* 2 ಲೋಟ)) ಎಂದು ಬರೆದರೆ ಮೂರು ಲೋಟಕ್ಕೆ ತಾನೇ 6 ಚಮಚ ಆಗುತ್ತದೆ. ನಾವು ಸಕ್ಕರೆ ಹೇಳದೆ ಕರೆದಾಗಲೆಲ್ಲ ಈ ಲೆಕ್ಕ ಹೊಸದಾಗಿ ನಡೆಯುತ್ತದೆ.

ಈಗ ಒಂದು ಪ್ರಶ್ನೆ. (ಚಹಾ 1) ಎಂದರೂ 2 ಚಮಚ, (ಚಹಾ 1 2) ಎಂದರೂ 2 ಚಮಚ. ಬೇಕು ಅಂತ ಕೇಳಿದವರು ಯಾರು, ಸುಮ್ಮನಿದ್ದವರು ಯಾರು? ಬರೀ ಚಹಾ ನೋಡಿದರೆ ಗೊತ್ತಾಗುವುದಿಲ್ಲ. ಅದಕ್ಕೇ ಲಿಸ್ಪ್‌ನಲ್ಲಿ ಮೂರನೆಯ ಹೆಸರನ್ನೂ ಇಡಬಹುದು:

(ಸಕ್ಕರೆ 2 ಹೇಳಿದರಾ)

ಸಕ್ಕರೆ ಎಷ್ಟು ಅಂತ ಕೊಟ್ಟಿದ್ದರೆ 'ಹೇಳಿದರಾ' ಎಂಬುದರ ಬೆಲೆ ಟಿ, ಅಂದರೆ ಹೌದು. ಕೊಡದಿದ್ದರೆ ನಿಲ್.

ಇದನ್ನು ಕಲಿತಾಗ ನನ್ನ ತಪ್ಪು ನನಗೆ ತಿಳಿಯಿತು. ಅಜ್ಜಿ ಎರಡು ಚಮಚ ಬೇಕು ಅಂದಿರಲಿಲ್ಲ. ಎರಡು ಅನ್ನೋದು ನನ್ನ ಡಿಫಾಲ್ಟ್. ರಾತ್ರಿ ಅಜ್ಜಿಯನ್ನು "ಯಾಕೆ ಹೇಳ್ಲಿಲ್ಲ?" ಅಂತ ಕೇಳಿದೆ. "ನೀನು ಮೊದಲ ಸಲ ಮಾಡಿಕೊಟ್ಟೆ, ಹೇಗೆ ಬೇಡ ಅನ್ನಲಿ ಮಗಾ" ಅಂದರು. ಈಗ ನಾನು ಯಾರೇ ಬಂದರೂ ಕೇಳಿಯೇ ಸಕ್ಕರೆ ಹಾಕುತ್ತೇನೆ.

ಸ್ನೇಹಿತರೇ, ಗುರುಗಳು "ಅರ್ಥವಾಯ್ತಾ?" ಎಂದಾಗ ನಾವು ಸುಮ್ಮನೆ ಕೂರುತ್ತೇವೆ. ಆಗ ಡಿಫಾಲ್ಟ್ ಬೆಲೆ 'ಅರ್ಥವಾಯ್ತು' ಎಂದೇ ಆಗುತ್ತದೆ, ಪಾಠ ಮುಂದೆ ಹೋಗುತ್ತದೆ. ಆಗಿಲ್ಲದಿದ್ದರೆ ಆಗಿಲ್ಲ ಅಂತ ಬಾಯಿಬಿಟ್ಟು ಹೇಳೋಣ. ಈ ಲೇಖನ ಅರ್ಥವಾಗದಿದ್ದರೂ ನನ್ನನ್ನು ಕೇಳಿ.