ಲ್ಯಾಪ್‌ಟಾಪ್ ತಾನೇ ಆಫ್, ತಾನೇ ಆನ್ ಆಗುವುದೇಕೆ?

ಪ್ರಶ್ನೆ: ನನ್ನ ಹಳೆಯ ಲ್ಯಾಪ್‌ಟಾಪ್ ಕೆಲಸದ ನಡುವೆ ತಾನಾಗಿಯೇ ಆಫ್ ಆಗುತ್ತದೆ; ಕೆಲವು ರಾತ್ರಿ ತಾನೇ ಆನ್ ಆಗಿರುತ್ತದೆ. ಕಾರಣವೇನು?
– ಓದುಗರು, ಹೊಸರಿತ್ತಿ

ಉತ್ತರ: ಆನ್ ಮಾಡಿದ ಎಷ್ಟು ಹೊತ್ತಿಗೆ ಆಫ್ ಆಗುತ್ತದೆ ಎಂಬುದನ್ನು ಮೊದಲು ಗಮನಿಸಿ. ಅರ್ಧ ಗಂಟೆ ನಡೆದು, ತಳ ಕಾದು, ಫ್ಯಾನ್ ಜೋರಾಗಿ ಸದ್ದು ಮಾಡಿ ಆಮೇಲೆ ನಿಂತರೆ ಅದು ಬಿಸಿಯದೇ ತೊಂದರೆ. ಪ್ರೊಸೆಸರ್ 100 ಡಿಗ್ರಿ ಸೆಲ್ಸಿಯಸ್ ಆಸುಪಾಸು ಮುಟ್ಟಿದರೆ, ಸುಟ್ಟುಹೋಗದಿರಲೆಂದು ಯಂತ್ರ ತಾನೇ ಬಂದ್ ಆಗುತ್ತದೆ. ಗೋವಿನಜೋಳ ಒಕ್ಕುವ, ಹತ್ತಿ ಬಿಡಿಸುವ ನಿಮ್ಮ ಸೀಮೆಯಲ್ಲಿ ಧೂಳು ಹೆಚ್ಚು. ತಳದ ಮುಚ್ಚಳ ತೆಗೆದರೆ ಫ್ಯಾನಿಗೂ ಲೋಹದ ತೆಳು ಪಟ್ಟಿಗಳಿಗೂ ನಡುವೆ ಅದು ಕಂಬಳಿ ತುಂಡಿನಂತೆ ಕೂತಿರುತ್ತದೆ. ಅದನ್ನು ತೆಗೆಸಿ, ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿ. ಹಾಸಿಗೆಯ ಮೇಲಿಟ್ಟು ಬಳಸಬೇಡಿ.

ಕೆಲವೇ ಸೆಕೆಂಡುಗಳಲ್ಲಿ ಆಫ್ ಆದರೆ ರ‍್ಯಾಮ್, ಪವರ್ ಬಟನ್ ಅಥವಾ ಮದರ್‌ಬೋರ್ಡ್ ತೋರಿಸಬೇಕು. ಚಾರ್ಜರ್ ಕಿತ್ತೊಡನೆ ನಿಂತರೆ ಬ್ಯಾಟರಿಯ ಆಯುಷ್ಯ ಮುಗಿದಿರುವ ಸಂಭವವೇ ಹೆಚ್ಚು.

ತಾನೇ ಆನ್ ಆಗುವುದಕ್ಕೆ ಅಂಜಬೇಡಿ. ಸ್ಲೀಪ್‌ನಲ್ಲಿದ್ದ ವಿಂಡೋಸ್ ಅಪ್‌ಡೇಟ್‌ಗಾಗಿ ಎದ್ದಿರಬಹುದು. ಪವರ್ ಆಪ್ಷನ್ಸ್‌ನಲ್ಲಿ ವೇಕ್ ಟೈಮರ್ಸ್ ನಿಲ್ಲಿಸಿ, ರಾತ್ರಿ ಶಟ್‌ಡೌನ್ ಮಾಡಿ.

ಟಚ್‌ಪ್ಯಾಡ್ ಉಬ್ಬಿದ್ದರೆ ಮಾತ್ರ ಬೇರೆ ಪರೀಕ್ಷೆ ಬೇಡ. ಬ್ಯಾಟರಿ ಊದಿರುತ್ತದೆ, ಬೆಂಕಿ ಹತ್ತುವ ಅಪಾಯವಿದೆ. ಚಾರ್ಜ್ ಮಾಡುವುದನ್ನು ನಿಲ್ಲಿಸಿ, ಹಾವೇರಿಗೆ ಒಯ್ದು ರಿಪೇರಿಯವರಿಂದ ಅಂದೇ ತೆಗೆಸಿ.