ನಿಮಗಿದು ಗೊತ್ತೆ? ಕಥೆಗಿಂತ ಹಳೆಯ ಕಡುಬು

ಚೀನೀ ಪಂಚಾಂಗದ ಐದನೆಯ ತಿಂಗಳ ಐದನೆಯ ದಿನ ಡ್ರ್ಯಾಗನ್ ದೋಣಿ ಹಬ್ಬ. ಅಂದಿನ ತಿನಿಸು ಜೊಂಗ್‌ಜು: ಅಂಟಕ್ಕಿಯನ್ನು ಬಿದಿರೆಲೆಯಲ್ಲಿ ಸುತ್ತಿ, ದಾರ ಬಿಗಿದು ಬೇಯಿಸಿದ ಕಡುಬು. ಕ್ರಿ.ಪೂ. 278ರ ಸುಮಾರಿಗೆ ಮಿಲುವೊ ನದಿಗೆ ಹಾರಿದ ಕವಿ ಚ್ಯು ಯುವಾನ್‌ನ ದೇಹವನ್ನು ಮೀನುಗಳು ಮುಟ್ಟದಿರಲೆಂದು ಜನ ನೀರಿಗೆ ಅನ್ನ ಎಸೆದರು, ಜೊಂಗ್‌ಜು ಹುಟ್ಟಿದ್ದು ಹಾಗೆ ಎಂಬುದು ಎಲ್ಲರ ಬಾಯಲ್ಲಿರುವ ಕಥೆ. ದಾಖಲೆಗಳು ಇದನ್ನು ಒಪ್ಪುವುದಿಲ್ಲ. ಕ್ರಿ.ಶ. 3ನೇ ಶತಮಾನದ ಝೌ ಚು ಪ್ರಾದೇಶಿಕ ಆಚರಣೆಗಳ ಕುರಿತ ತನ್ನ ಗ್ರಂಥದಲ್ಲಿ ಈ ತಿನಿಸನ್ನು ವರ್ಣಿಸಿದ್ದಾನೆ. ಕಾಡುಭತ್ತದ ಎಲೆಯಲ್ಲಿ ಅಂಟು ಧಾನ್ಯ ಸುತ್ತಿ ಬೂದಿನೀರಿನಲ್ಲಿ ಬೇಯಿಸುತ್ತಿದ್ದರಂತೆ. ಈ ಹಬ್ಬಕ್ಕಷ್ಟೇ ಅಲ್ಲ, ವರ್ಷದ ಅತಿ ದೀರ್ಘ ಹಗಲಿನ ದಿನಕ್ಕೂ. ಯಿನ್ ಮತ್ತು ಯಾಂಗ್ ಇನ್ನೂ ಬೇರ್ಪಡದೆ ಸುತ್ತಿಕೊಂಡಿರುವುದರ ಸಂಕೇತ ಅದು ಎನ್ನುತ್ತಾನೆ. ಉಳಿದುಬಂದ ಆ ವರ್ಣನೆಯಲ್ಲಿ ಕವಿಯ ಸುಳಿವೇ ಇಲ್ಲ.

ಬಾಯಿಮಾತಿನ ಕಥೆ ಬರಹಕ್ಕೆ ಇಳಿಯಲು ತಡವಾಗಿರಬಾರದೇಕೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಹಬ್ಬದ ಅದೇ ದಿನವನ್ನು ಬೇರೆ ಸೀಮೆಯವರು ಬೇರೆಯವರಿಗೆ ಮೀಸಲಿಟ್ಟಿದ್ದರು: ಸುಝೌ ಕಡೆ ಮಂತ್ರಿ ವು ಝಿಶು, ಶಾವೊಶಿಂಗ್ ಕಡೆ ತಂದೆಗಾಗಿ ನದಿಗೆ ಹಾರಿದ ಹುಡುಗಿ ಚಾವೊ ಎ. ಹಬ್ಬ ಮೊದಲೇ ಇತ್ತು, ಊರೂರಿನ ನೆನಪುಗಳು ಆಮೇಲೆ ಅದಕ್ಕೆ ಅಂಟಿಕೊಂಡವು ಎನ್ನುವುದೇ ಹೆಚ್ಚು ಸಮಂಜಸ. ಕಡುಬಿಗೂ ಕವಿಗೂ ಗಂಟು ಹಾಕಿದ ಪ್ರಸಿದ್ಧ ಬರಹ 520ರಲ್ಲಿ ತೀರಿಕೊಂಡ ವು ಜುನ್‌ನದು. ಅದರಲ್ಲಿ ಮೀನಿನ ಮಾತೇ ಇಲ್ಲ! ಬಿದಿರ ಕೊಳವೆಯಲ್ಲಿ ಅರ್ಪಿಸಿದ ಅಕ್ಕಿಯನ್ನು ನೀರಿನ ಡ್ರ್ಯಾಗನ್ ಕದಿಯುತ್ತಿದೆ, ಎಲೆ ಮುಚ್ಚಿ ಐದು ಬಣ್ಣದ ದಾರ ಕಟ್ಟಿ ಎಂದು ಕವಿಯ ಆತ್ಮವೇ ಬಂದು ದೂರು ಹೇಳುತ್ತದೆ.